ಹೊರಗಿನ ಗಂಡು ತಂದರೆ ತಳಿ ಕೆಡುತ್ತದಾ? ಬುಲರ್ ಬೆಟ್ಟದ ಪುಟ್ಟ ಪಾಸಮ್ ಬಗ್ಗೆ

ಪ್ರಶ್ನೆ (ಮೆಲ್ಬರ್ನ್‌ನಿಂದ):
ಹೋದ ತಿಂಗಳು ಮಗಳಿಗೆ ಹಿಮ ತೋರಿಸಲು ಮೌಂಟ್ ಬುಲರ್‌ಗೆ ಹೋಗಿದ್ದೆವು. ಅಲ್ಲಿ ಮೌಂಟನ್ ಪಿಗ್ಮಿ ಪಾಸಮ್ ಇದೆ. ಇಲಿಯಷ್ಟೇ ಗಾತ್ರ, ತೂಕ ಸುಮಾರು 45 ಗ್ರಾಂ, ಕಾಂಗರೂಗೆ ಇರುವ ಹಾಗೆ ಹೊಟ್ಟೆಚೀಲ. ಚಳಿಗಾಲವೆಲ್ಲ ಹಿಮದಡಿ ಬಂಡೆಗಳ ಸಂದಿಯಲ್ಲಿ ಮಲಗಿರುತ್ತದೆ. ಮಗಳಿಗೆ ಈಗ ಅದರದೇ ಧ್ಯಾನ. ನಾನೂ ಓದತೊಡಗಿದೆ. 2011ರಲ್ಲಿ ಹೋಥಮ್ ಕಡೆಯ ಬೆಟ್ಟದಿಂದ 6 ಗಂಡುಗಳನ್ನು ತಂದು ಬುಲರ್‌ನಲ್ಲಿ ಬಿಟ್ಟರಂತೆ. ಆದರೆ ಈ ಎರಡು ಕಡೆಯವು 20,000 ವರ್ಷಕ್ಕೂ ಹೆಚ್ಚು ಕಾಲ ಬೇರೆಬೇರೆಯಾಗಿದ್ದವು. ಹೀಗೆ ಬೆರೆಸಿದರೆ ಬುಲರ್‌ನ ಮೂಲ ತಳಿಯೇ ಹೋಗಲ್ವಾ?

ಉತ್ತರ 1:
ನಮ್ಮದು ಚಳ್ಳಕೆರೆ ಕಡೆ, ಕುರಿ ಸಾಕುವ ಮನೆ. ಅಪ್ಪ ಒಂದೇ ಟಗರನ್ನು ಬಹಳ ವರ್ಷ ಹಿಂಡಿನಲ್ಲಿ ಇಟ್ಟುಕೊಳ್ಳುತ್ತಿರಲಿಲ್ಲ. ಒಂದು ಬರಗಾಲದಲ್ಲಿ ಹೊಸದು ಕೊಳ್ಳಲು ದುಡ್ಡಿರಲಿಲ್ಲ, ನಮ್ಮಲ್ಲೇ ಹುಟ್ಟಿದ್ದನ್ನು ಬಿಟ್ಟರು. ಕೆಲವು ವರ್ಷಕ್ಕೆ ಮರಿಗಳು ಸೊರಗಿ ಹುಟ್ಟತೊಡಗಿದವು. ಬೆಳಗ್ಗೆ ಹಟ್ಟಿಗೆ ಹೋದರೆ ಎದ್ದು ನಿಲ್ಲಲಾರದ ಮರಿ. ಆ ನೋಟ ನಾನು ಮರೆತಿಲ್ಲ.

ಬುಲರ್‌ನಲ್ಲಿ ಆಗಿದ್ದೂ ಇದೇ. ಪ್ರತಿ ಪ್ರಾಣಿಯೂ ಒಂದಷ್ಟು ಕೆಟ್ಟ ಜೀನ್ ಹೊತ್ತಿರುತ್ತದೆ. ಒಂದೊಂದು ಜೀನ್‌ಗೂ ಅಪ್ಪನಿಂದ ಒಂದು, ಅಮ್ಮನಿಂದ ಒಂದು ಅಂತ ಎರಡು ಪ್ರತಿ ಇರುತ್ತವೆ. ಒಂದು ಕೆಟ್ಟಿದ್ದರೂ ಇನ್ನೊಂದು ಸರಿಯಿದ್ದರೆ ಸಾಮಾನ್ಯವಾಗಿ ತೊಂದರೆ ಕಾಣುವುದಿಲ್ಲ. ರಕ್ತಸಂಬಂಧದಲ್ಲೇ ಕೂಡಿದರೆ ಎರಡೂ ಕೆಟ್ಟ ಪ್ರತಿಗಳು ಒಂದೇ ಮರಿಗೆ ಬೀಳುವುದು ಜಾಸ್ತಿ. 1996ರಲ್ಲಿ ಅಲ್ಲಿ ಸುಮಾರು 300 ಪಾಸಮ್ ಇದ್ದವು. ಹತ್ತು ವರ್ಷ ಕಳೆಯುವಷ್ಟರಲ್ಲಿ 40ರ ಆಸುಪಾಸಿಗೆ ಬಂದವು. ಸ್ಕೀ ಹಾದಿಗಾಗಿ ಬಂಡೆಜಾಗ ಹಾಳಾಗಿತ್ತು, ಕಾಡುಬೆಕ್ಕು ಮತ್ತು ನರಿ ಬೇರೆ. ನೀವು ಉಳಿಸಬೇಕು ಅನ್ನುವ ಮೂಲ ತಳಿಯ ವೈವಿಧ್ಯದಲ್ಲಿ ಬಹುಪಾಲು ಆಗಲೇ ಹೋಗಿತ್ತು. ಉಳಿದಿದ್ದು ಅದರ ಒಂದು ತುಣುಕು.

ಬೆರಕೆ ಮರಿಗಳು ಮೈಯಲ್ಲಿ ದೊಡ್ಡವಾದವು. ಬೆರಕೆ ಹೆಣ್ಣುಗಳು ಹೆಚ್ಚು ಮರಿ ಹಾಕಿದವು, ಹೆಚ್ಚು ಕಾಲ ಬದುಕಿದವು. ಕೆಲವೇ ವರ್ಷದಲ್ಲಿ ಸಂಖ್ಯೆ ಮತ್ತೆ ಏರಿತು. 2017ರಲ್ಲಿ ಈ ಫಲಿತಾಂಶ ಪ್ರಕಟವಾದಾಗ ನಾನು ಅಪ್ಪನಿಗೆ ಫೋನ್ ಮಾಡಿ ಹೇಳಿದ್ದೆ. ಬುಲರ್‌ನ ಜೀನ್‌ಗಳೂ ಆ ಬೆರಕೆಗಳಲ್ಲೇ ಇವೆ. ಸುಮ್ನೆ ಬಿಟ್ಟಿದ್ದರೆ ಪಾಸಮ್ ಜೊತೆಗೆ ಅವೂ ಹೋಗುತ್ತಿದ್ದವು. ಬೆರೆಸುವಾಗ ಎಚ್ಚರ ಬೇಕು ನಿಜ, ತೀರಾ ದೂರದ ತಳಿಯಾದರೆ ಮರಿ ಆ ಜಾಗಕ್ಕೆ ಒಗ್ಗದೆ ಹೋಗಬಹುದು. ಆದರೆ ಈ ಭಯದಿಂದಲೇ ಕೈಕಟ್ಟಿ ಕೂತು ಕಳೆದುಕೊಳ್ಳುವುದು ನನಗೆ ಸಹಿಸಲಾಗದ ಮಾತು.

ಉತ್ತರ 2:
ಒಂದು ಮಾತು ಸೇರಿಸುತ್ತೇನೆ. ಜೀನ್ ಸರಿಹೋದರೂ ಹೊಟ್ಟೆಗೆ ಬೇಕಲ್ವಾ? ವಸಂತದಲ್ಲಿ ನಿದ್ದೆಯಿಂದ ಎದ್ದಾಗ ಇವಕ್ಕೆ ಮುಖ್ಯ ಊಟ ಬೋಗಾಂಗ್ ಪತಂಗ. ನೂರಾರು ಕಿಲೋಮೀಟರ್ ಹಾರಿ ಬೆಟ್ಟಕ್ಕೆ ಬರುತ್ತವೆ. 2017ರ ನಂತರ ಬರಗಾಲದಲ್ಲಿ ಅವು ಬಹುತೇಕ ಕಾಣದಾದವು. ಚೀಲದಲ್ಲಿದ್ದ ಮರಿಗಳನ್ನು ಕಳೆದುಕೊಂಡ ತಾಯಂದಿರು ಸಿಕ್ಕವು. ಊರಿನ ದೀಪಗಳೂ ಪತಂಗಗಳ ದಾರಿ ತಪ್ಪಿಸುತ್ತವೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದ. ಟಗರಿನ ಕತೆ ಮಗಳಿಗೆ ಹೇಳಿದೆ, ತಕ್ಷಣ ಅರ್ಥವಾಯಿತು. ಸೆಪ್ಟೆಂಬರ್ ಬಂದ ಕೂಡಲೇ ಹಿತ್ತಲಿನ ದೀಪ ಆರಿಸುತ್ತೇವೆ. ಪತಂಗ ಕಂಡರೆ ಗುರುತಿಸುವುದು ಹೇಗೆ?

ಉತ್ತರ 2:
ಕಂದು ಬಣ್ಣ. ರೆಕ್ಕೆಯ ಮೇಲೆ ಕಪ್ಪು ಬಾಣದಂಥ ಗುರುತು, ಅದರ ಹತ್ತಿರ ಎರಡು ತಿಳಿ ಚುಕ್ಕೆ. ಫೋಟೋ ತೆಗೆದು ಇಲ್ಲಿ ಹಾಕಿ, ನೋಡೋಣ.