ಸನ್ಮಾನಪತ್ರಕ್ಕೆ ಸ್ಕ್ರಿಪ್ಟ್ ಫಾಂಟ್: ಸಣ್ಣ ಗೆರೆ ಕಡಿಯುತ್ತಿದೆ, ಕನ್ನಡ ಹೊಂದುತ್ತಿಲ್ಲ

ಶಿರಸಿ_ಡಿಟಿಪಿ:
ಯಕ್ಷಗಾನ ಕಲಾವಿದರ ಸನ್ಮಾನಪತ್ರ. ಎ3 ಅಳತೆ, 300 ಜಿಎಸ್‌ಎಂ ಐವರಿ ಬೋರ್ಡು, ಸ್ಕ್ರೀನ್ ಪ್ರಿಂಟಿನಲ್ಲಿ ಚಿನ್ನದ ಬಣ್ಣ. ಹೆಸರು ಕನ್ನಡದಲ್ಲಿ ದೊಡ್ಡದಾಗಿ, ಕೆಳಗೆ ಇಂಗ್ಲಿಷಿನಲ್ಲಿ ಗ್ರೇಟ್ ವೈಬ್ಸ್ ಎಂಬ ಸ್ಕ್ರಿಪ್ಟ್ ಫಾಂಟ್ (ಕೂಡುಬರಹದ ಹಾಗಿರುವ ಅಕ್ಷರ), 24 ಪಾಯಿಂಟ್. ಪ್ರೂಫಿನಲ್ಲಿ ಸಣ್ಣ ಗೆರೆಗಳು ಅಲ್ಲಲ್ಲಿ ಕಡಿದಿವೆ, ಇಂಗ್ಲಿಷ್ ಅಕ್ಷರ ಕೂಡುವಲ್ಲಿ ಬಿಳಿ ತೂತು ಬಿದ್ದಿದೆ. ಕನ್ನಡವನ್ನು ಕೋರೆಲ್‌ ವಿನ್ಯಾಸ ತಂತ್ರಾಂಶದಲ್ಲಿ 12 ಡಿಗ್ರಿ ಓರೆ ಮಾಡಿದೆ, ಆದರೂ ಒಗ್ಗುತ್ತಿಲ್ಲ.

ಕುಮಟಾ_ಸ್ಕ್ರೀನ್:
24 ಪಾಯಿಂಟ್ ಸಾಲದು. ಈ ಜಾತಿಯ ಅಕ್ಷರಗಳ ಚೆಂದವೆಲ್ಲ ದಪ್ಪ-ತೆಳುವಿನ ಅಂತರದಲ್ಲಿದೆ. ಮೊದಲು ಅಕ್ಷರವನ್ನು ಕರ್ವ್ ಮಾಡಿ (ಟೈಪನ್ನು ಗೆರೆಚಿತ್ರವಾಗಿ ಬದಲಿಸಿ) ಅತಿ ತೆಳುವಾದ ಗೆರೆ ಎಷ್ಟಿದೆ ಅಳೆಯಿರಿ. ಚಿನ್ನದ ಶಾಯಿಯಲ್ಲಿ ಲೋಹದ ಹುಡಿ ಇರುವುದರಿಂದ ತೀರಾ ಒತ್ತಾದ ಮೆಶ್ (ಸ್ಕ್ರೀನಿನ ಜಾಲರಿ ಬಟ್ಟೆ) ಕಟ್ಟಿಕೊಳ್ಳುತ್ತದೆ; ಬಿಡುವಾದ ಮೆಶ್ ಹಾಕಿದರೆ ತೆಳು ಗೆರೆ ನಿಲ್ಲದು. ಹಾಗಾಗಿ 0.3 ಮಿ.ಮೀ.ಗಿಂತ ಕಮ್ಮಿ ಇಟ್ಟುಕೊಳ್ಳಬೇಡಿ. 24ರಲ್ಲಿ 0.15 ಬಂದರೆ 48 ಪಾಯಿಂಟ್ ಬೇಕು. ಔಟ್‌ಲೈನ್ ಕೊಟ್ಟು ದಪ್ಪ ಮಾಡಿದರೆ ಒಳಗಿನ ಕಣ್ಣುಗಳು ಮುಚ್ಚಿ ಅಕ್ಷರದ ಉಸಿರೇ ಹೋಗುತ್ತದೆ.

ಎಕ್ಸ್‌ಪೋಶರ್ (ಸ್ಕ್ರೀನಿಗೆ ಬೆಳಕು ಕೊಡುವ ಸಮಯ) ಕೂಡ ನೋಡಿ. ಹೆಚ್ಚಾದರೆ ಬೆಳಕು ಫಿಲ್ಮಿನ ಕಪ್ಪು ಅಕ್ಷರದ ಅಂಚಿನಡಿ ನುಗ್ಗಿ ತೆಳು ಗೆರೆಯನ್ನು ಮುಚ್ಚುತ್ತದೆ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಇನ್ನೊಂದು ಕಾಟ: ಎಮಲ್ಶನ್ (ಸ್ಕ್ರೀನಿಗೆ ಬಳಿಯುವ, ಬೆಳಕಿಗೆ ಗಟ್ಟಿಯಾಗುವ ಲೇಪ) ಪೂರ್ತಿ ಒಣಗದೆ ಎಕ್ಸ್‌ಪೋಸ್ ಮಾಡಿದರೆ ಸರಿಯಾಗಿ ಗಟ್ಟಿಯಾಗದೆ, ತೊಳೆಯುವಾಗ ಅಂಚು ಕಿತ್ತುಬರುತ್ತದೆ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಡಿಹ್ಯುಮಿಡಿಫೈಯರ್ ಇಟ್ಟು ಒಣಗಿಸಿ, ಒಂದೇ ಸ್ಕ್ರೀನಿನಲ್ಲಿ ನಾಲ್ಕೈದು ಬೇರೆ ಬೇರೆ ಸಮಯ ಕೊಟ್ಟು ಪರೀಕ್ಷಿಸಿ.

ಕಾರವಾರ_ಕಟಿಂಗ್:
ಬಿಳಿ ತೂತಿಗೆ ಕಾರಣ ಕೋರೆಲ್‌ನ ಕಂಬೈನ್ ಆಜ್ಞೆ. ಒಂದರ ಮೇಲೊಂದು ಬಿದ್ದ ಜಾಗವನ್ನು ಅದು ಖಾಲಿ ಬಿಡುತ್ತದೆ. ಕಂಟ್ರೋಲ್ ಕೆ ಒತ್ತಿ ಅಕ್ಷರ ಬಿಡಿಸಿ, ಒಂದೊಂದನ್ನೂ ಕರ್ವ್ ಮಾಡಿ, ಎಲ್ಲ ಸೆಲೆಕ್ಟ್ ಮಾಡಿ ವೆಲ್ಡ್ ಕೊಡಿ, ಎಲ್ಲ ಬೆಸೆದು ಒಂದೇ ಆಕೃತಿಯಾಗುತ್ತದೆ. ಅಕ್ಷರಗಳ ನಡುವಿನ ಅಂತರ ಸೊನ್ನೆಯಲ್ಲೇ ಇರಲಿ, ಹಿಗ್ಗಿಸಿದರೆ ಕೂಡುಗೆರೆ ಕಡಿಯುತ್ತದೆ. ಪೂರ್ತಿ ಕ್ಯಾಪಿಟಲ್‌ನಲ್ಲಿ ಮಾತ್ರ ಹೊಡೆಯಬೇಡಿ, ಬಳ್ಳಿಗೆ ಬಳ್ಳಿ ತೊಡರಿ ಹೆಸರೇ ಓದಲಿಕ್ಕಾಗದು.

ಅಕ್ಷರಪ್ರಿಯ_ಹೊನ್ನಾವರ:
ಕನ್ನಡವನ್ನು ಓರೆ ಮಾಡಿದ್ದೇ ತಪ್ಪು. ‘ಸನ್ಮಾನ’ದ ‘ನ್ಮಾ’ ನೋಡಿ: ಓರೆ ಮಾಡಿದಾಗ ತಲೆಕಟ್ಟು ಬಲಕ್ಕೆ ವಾಲುತ್ತದೆ, ಮ-ಒತ್ತು ಎಡಕ್ಕೆ ಸರಿಯುತ್ತದೆ. 12 ಡಿಗ್ರಿಗೆ, 10 ಮಿ.ಮೀ. ಕೆಳಗಿನ ತುದಿ 2 ಮಿ.ಮೀ.ಗಿಂತ ಹೆಚ್ಚು ಜರುಗುತ್ತದೆ. ದುಂಡು ಹೊಟ್ಟೆಗಳೆಲ್ಲ ಮೊಟ್ಟೆ ಹಿಸುಕಿದ ಹಾಗಾಗುತ್ತವೆ.

ಇಂಗ್ಲಿಷ್ ಸ್ಕ್ರಿಪ್ಟಿನ ಓರೆ ಚೂಪು ಮುಳ್ಳಿನ ಲೇಖನಿಯ ಕೈಬರಹದಿಂದ ಬಂದದ್ದು. ಕೆಳಗೆಳೆಯುವಾಗ ಒತ್ತಿದರೆ ದಪ್ಪ, ಮೇಲೆತ್ತುವಾಗ ತೆಳು. ಮ್ಯಾಥ್ಯೂ ಕಾರ್ಟರ್ 1960ರ ದಶಕದಲ್ಲಿ ಮಾಡಿದ ಸ್ನೆಲ್ ರೌಂಡ್‌ಹ್ಯಾಂಡ್ ಫಾಂಟ್ ಕೂಡ ಚಾರ್ಲ್ಸ್ ಸ್ನೆಲ್ ಎಂಬ ಹಳೆಯ ಬರವಣಿಗೆ ಗುರುವಿನ ಕೈಬರಹವನ್ನು ಆಧರಿಸಿದ್ದೇ. ಆ ಓರೆಯನ್ನು ನಮ್ಮ ಅಕ್ಷರ ನಟಿಸಬೇಕಿಲ್ಲ. ಹೆಸರನ್ನು ತಿರೊ ಕನ್ನಡ ಎಂಬ ಫಾಂಟಿನ ರೆಗ್ಯುಲರ್‌ನಲ್ಲಿ ನೆಟ್ಟಗೆ ಇಡಿ. ಓರೆ ಬೇಕೇ ಬೇಕೆಂದರೆ ಅದರಲ್ಲೇ ಇಟಾಲಿಕ್ ಇದೆ. ಸ್ಕ್ರಿಪ್ಟಿನ ಸಣ್ಣಕ್ಷರಗಳು ಗಿಡ್ಡ, ಅದಕ್ಕೇ ಪಾಯಿಂಟ್ ಹೋಲಿಸದೆ ಕಣ್ಣಳತೆಯಲ್ಲಿ ಹೊಂದಿಸಿ. ಕನ್ನಡ ಸಾಲುಗಳ ನಡುವೆ ಒತ್ತಕ್ಷರಕ್ಕೆ ಜಾಗ ಬೇಕು, ಅಕ್ಷರದ ಅಳತೆಯ ಒಂದೂವರೆ ಪಟ್ಟು ಇಡಿ.

ಶಿರಸಿ_ಡಿಟಿಪಿ:
ಮ್ಯಾಟರ್ ಹಳೇ ನುಡಿ ತಂತ್ರಾಂಶದ ಫಾಂಟಿನಲ್ಲಿದೆ. ತಿರೊ ಹಾಕಿದರೆ ಬರೀ ಇಂಗ್ಲಿಷ್ ಕಸ ಬರುತ್ತಿದೆ.

ಅಕ್ಷರಪ್ರಿಯ_ಹೊನ್ನಾವರ:
ಹಳೇ ನುಡಿಯ ಅಕ್ಷರ ಸಂಕೇತ ಬೇರೆ; ಮೊದಲು ತಿರೊ ಬಳಸುವ ಯೂನಿಕೋಡ್ ಸಂಕೇತಕ್ಕೆ ಪರಿವರ್ತಿಸಿ, ಅರ್ಕಾವತ್ತು ಇರುವ ಪದಗಳನ್ನು ಒಂದೊಂದಾಗಿ ಓದಿ ನೋಡಿ. ನಿಮ್ಮ ಕೋರೆಲ್ ಹಳೆಯದಾಗಿದ್ದು ಒತ್ತಕ್ಷರ ಒಡೆದರೆ, ಇಂಕ್‌ಸ್ಕೇಪ್ ಎಂಬ ಇನ್ನೊಂದು ವಿನ್ಯಾಸ ತಂತ್ರಾಂಶದಲ್ಲಿ ಟೈಪ್ ಮಾಡಿ, ಪಾತ್ (ಕೋರೆಲ್‌ನ ಕರ್ವ್ ಇದ್ದಂತೆ) ಆಗಿ ಬದಲಿಸಿ, ಪಿಡಿಎಫ್ ಮೂಲಕ ಕೋರೆಲ್‌ಗೆ ತನ್ನಿ.