ವಿರಿಬೋಣಿ ಚರಣಕ್ಕೆ ಬಂದರೆ ತಾಳ ತಪ್ಪುತ್ತದೆ, ದಾಟಿದವರು ಹೇಳಿ

ಮಡಿಕೇರಿಯಿಂದ, ಪ್ರಶ್ನೆ ಕೇಳಿದವರು:
ನನಗೆ 43 ವರ್ಷ. ಮದುವೆ, ಮಕ್ಕಳು ಅಂತ ಬಿಟ್ಟಿದ್ದ ಸಂಗೀತವನ್ನು ಆರು ವರ್ಷದ ಹಿಂದೆ ಮತ್ತೆ ಹಿಡಿದೆ. ಈಗ ಭೈರವಿ ರಾಗದ ಅಟತಾಳ ವರ್ಣ (ಅಭ್ಯಾಸಕ್ಕೆ ಕಲಿಸುವ, ಸ್ವರ ಸಾಹಿತ್ಯ ಎರಡೂ ಇರುವ ರಚನೆ) ‘ವಿರಿಬೋಣಿ’ ನಡೆಯುತ್ತಿದೆ. ಪಲ್ಲವಿ, ಅನುಪಲ್ಲವಿ ಹೇಗೋ ಸಾಗುತ್ತದೆ. ‘ಚಿರುನವ್ವು’ ಅಂತ ಚರಣ ಶುರುವಾಗಿ ಅದರ ಸ್ವರಗಳಿಗೆ ಬಂದೆನೋ, ಕೈ ಒಂದು ದಾರಿ, ಬಾಯಿ ಒಂದು ದಾರಿ. ಗುರುಗಳು ಇರುವುದು ಮೈಸೂರಿನಲ್ಲಿ. ಈ ಮಳೆಯಲ್ಲಿ ತಿಂಗಳಿಗೊಮ್ಮೆ ಹೋದರೆ ಜಾಸ್ತಿ. ಆನ್‌ಲೈನ್ ಪಾಠಕ್ಕೆ ಕೂತರೆ ಕರೆಂಟ್ ಇರುವುದಿಲ್ಲ, ಕರೆಂಟ್ ಇದ್ದರೆ ನೆಟ್‌ವರ್ಕ್ ಇರುವುದಿಲ್ಲ. ದಸರಾ ಹೊತ್ತಿಗೆ ಗುರುಗಳ ಮನೆಯಲ್ಲಿ ಶಿಷ್ಯರೆಲ್ಲ ಸೇರಿ ಹಾಡುವುದಿದೆ. ನೀವೆಲ್ಲ ಇದನ್ನು ಹೇಗೆ ದಾಟಿದಿರಿ?

ವಿರಾಜಪೇಟೆಯಿಂದ:
ಅಕ್ಕಾ, ಇದೇ ವರ್ಣಕ್ಕೆ ಒಂದೂವರೆ ವರ್ಷ ಕೊಟ್ಟವಳು ನಾನು. ಮೊದಲು ಒಂದು ವಾರ ಹಾಡುವುದನ್ನೇ ನಿಲ್ಲಿಸಿ. ಕೈಯನ್ನು ಮಾತ್ರ ನೋಡಿ.

ನನ್ನ ತಪ್ಪು ಬಾಯಲ್ಲಿರಲಿಲ್ಲ, ತೋರುಬೆರಳಲ್ಲಿತ್ತು. ನಾವೆಲ್ಲ ಆದಿತಾಳದಲ್ಲೇ ಬೆಳೆದವರು ಅಲ್ವಾ? ಅದರ ಲಘು, ಅಂದರೆ ಪೆಟ್ಟು ಹಾಕಿ ಬೆರಳು ಎಣಿಸುವ ಭಾಗ, ನಾಲ್ಕಕ್ಕೆ ಮುಗಿಯುತ್ತದೆ. ಒಂದು ಪೆಟ್ಟು, ಕಿರುಬೆರಳು, ಉಂಗುರದ ಬೆರಳು, ನಡುಬೆರಳು. ಅಟತಾಳದ ಲಘು ಐದು. ನಡುಬೆರಳಾದ ಮೇಲೆ ತೋರುಬೆರಳೂ ಬರಬೇಕು. ಅಂಥ ಲಘು ಎರಡು, ಆಮೇಲೆ ದ್ರುತ (ಒಂದು ಪೆಟ್ಟು, ಒಂದು ಬೀಸು) ಎರಡು. ಐದು, ಐದು, ಎರಡು, ಎರಡು, ಒಟ್ಟು 14 ಅಕ್ಷರ, ಅಂದರೆ ಎಣಿಕೆ. ಸ್ವರ ಕಷ್ಟವಾದ ಕಡೆ ಗಮನವೆಲ್ಲ ಬಾಯಿಗೆ ಹೋಗುತ್ತದೆ. ಆಗ ಕೈ ತನ್ನ ಹಳೆ ಅಭ್ಯಾಸಕ್ಕೆ ಜಾರಿ ನಾಲ್ಕಕ್ಕೇ ಲಘು ಮುಗಿಸಿಬಿಡುತ್ತದೆ. ಇದು ನನಗೆ ಗೊತ್ತಾಗಿದ್ದು ಮಗಳು ಫೋನಿನಲ್ಲಿ ನನ್ನ ಕೈ ಮಾತ್ರ ವಿಡಿಯೋ ಮಾಡಿ ತೋರಿಸಿದಾಗ. ಅಲ್ಲಿಯವರೆಗೆ ಸ್ವರವೇ ಬರುತ್ತಿಲ್ಲ ಅಂದುಕೊಂಡು ಅತ್ತಿದ್ದೆ ಕೂಡ.

ಆಮೇಲೆ ಮಾಡಿದ್ದು ಇಷ್ಟೇ. ಜಗಲಿಯಲ್ಲಿ ಮಳೆ ನೋಡುತ್ತಾ ಸುಮ್ನೆ ತಾಳ ಹಾಕುವುದು. ಅದು ಕೂತ ಮೇಲೆ ಸ್ವರಗಳನ್ನು ರಾಗವಿಲ್ಲದೆ, ಮಗ್ಗಿ ಹೇಳಿದ ಹಾಗೆ, ತಾಳಕ್ಕೆ ಹೇಳುವುದು. ಹಾಡುವುದು ಕೊನೆಗೆ. ಇನ್ನೊಂದು ವಿಷಯ, ದಿನಾ ಪಲ್ಲವಿಯಿಂದ ಶುರು ಮಾಡಬೇಡಿ. ಹಾಗೆ ಮಾಡಿದರೆ ಪಲ್ಲವಿ ಒಂದೇ ಗಟ್ಟಿಯಾಗುತ್ತದೆ. ಚರಣದ ಮೂರನೇ ಸ್ವರಕ್ಕೆ ಬರುವಷ್ಟರಲ್ಲಿ ಕುಕ್ಕರ್ ಕೂಗಿರುತ್ತದೆ. ಎಲ್ಲಿ ಬೀಳುತ್ತೀರೋ ಅಲ್ಲಿಂದಲೇ ಶುರು ಮಾಡಿ.

ಕುಶಾಲನಗರದಿಂದ:
ನಾನು ಪಿಟೀಲು ನುಡಿಸುವವನು. ತಾಳದ ವಿಷಯ ಮೇಲಿನವರು ಹೇಳಿದ್ದು ಸರಿ. ನನ್ನನ್ನು ಕಾಡಿದ್ದು ಧೈವತ, ಅಂದರೆ ‘ದ’ ಸ್ವರ. ಭೈರವಿಯಲ್ಲಿ ಹತ್ತುವಾಗ ಚತುಶ್ರುತಿ ಧೈವತ (ಸ್ವಲ್ಪ ಮೇಲಿನದು), ಇಳಿಯುವಾಗ ಶುದ್ಧ ಧೈವತ (ಸ್ವಲ್ಪ ಕೆಳಗಿನದು). ಮೊದಲ ಕಾಲದಲ್ಲಿ, ಅಂದರೆ ನಿಧಾನದ ವೇಗದಲ್ಲಿ, ಎರಡೂ ಚೆನ್ನಾಗಿ ಕೇಳಿಸುತ್ತವೆ. ಎರಡನೇ ಕಾಲಕ್ಕೆ, ಅಂದರೆ ಅದರ ಎರಡರಷ್ಟು ವೇಗಕ್ಕೆ, ಹೋದಾಗ ನನ್ನ ಬೆರಳು ಎರಡರ ನಡುವೆ ಎಲ್ಲೋ ಕೂರುತ್ತಿತ್ತು. ಪಿಟೀಲಿಗೆ ವೀಣೆಯ ಹಾಗೆ ಮೆಟ್ಟಿಲು ಬೇರೆ ಇಲ್ಲ. ‘ಪದನಿಸ’, ‘ಸನಿದಪ’ ಇವೆರಡನ್ನೇ ಹತ್ತು ದಿನ ನುಡಿಸಿದೆ, ಮನೆಯವರಿಗೆ ಸಾಕುಸಾಕಾಯಿತು. ನಿಮ್ಮ ತಾಳ ತಪ್ಪುವುದಕ್ಕೂ ಇದೇ ಕಾರಣ ಇರಬಹುದು. ಯಾವ ಧೈವತ ಅಂತ ಮನಸ್ಸು ಒಂದು ಕ್ಷಣ ನಿಂತರೆ ಸಾಕು, ತಾಳ ಮುಂದೆ ಹೋಗಿರುತ್ತದೆ. ಈ ವರ್ಣ ಮಾಡಿದ ಪಚ್ಚಿಮಿರಿಯಂ ಆದಿಯಪ್ಪಯ್ಯನವರು ಸಂಗೀತ ತ್ರಿಮೂರ್ತಿಗಳಲ್ಲಿ ಒಬ್ಬರಾದ ಶ್ಯಾಮಾಶಾಸ್ತ್ರಿಗಳಿಗೆ ಗುರು. ಭೈರವಿಯ ಬಹುಪಾಲು ಸಂಚಾರ, ಅಂದರೆ ರಾಗ ನಡೆಯುವ ದಾರಿ, ಇದೊಂದರಲ್ಲೇ ಸಿಗುತ್ತದೆ. ಬೇಗ ಮುಗಿಸುವ ಆತುರ ಯಾಕೆ?

ಪಿಟೀಲಿನವರು ಯಾರಾದರೂ ಇದನ್ನು ಓದುತ್ತಿದ್ದರೆ: ಜುಲೈನಲ್ಲಿ ತಂತಿ ಬಿಗಿಯುವ ಬಿರಡೆ ಉಬ್ಬಿ ಅಲುಗಾಡುವುದಿಲ್ಲ. ಬಲವಂತ ಮಾಡಬೇಡಿ. ಬಿಚ್ಚಿ ಒಣ ಸೋಪು ಸ್ವಲ್ಪ ಸವರಿ.

ಮಡಿಕೇರಿಯಿಂದ, ಮೃದಂಗದವರು:
ಬಿರಡೆ ಪರವಾಗಿಲ್ಲ ಸಾರ್. ನಮ್ಮ ಚರ್ಮ ಈ ಥಂಡಿಗೆ ಸಡಿಲವಾಗಿ ಶ್ರುತಿಯೇ ನಿಲ್ಲುವುದಿಲ್ಲ.

ಮೇಡಂ, ಆನ್‌ಲೈನಿನಲ್ಲಿ ಗುರುಗಳ ಜೊತೆಗೇ ಹಾಡಲು ಹೋಗಬೇಡಿ. ದನಿ ಸ್ವಲ್ಪ ತಡವಾಗಿ ತಲುಪುತ್ತದೆ, ಅದಕ್ಕೆ ಹೊಂದಿಕೊಳ್ಳಲು ಹೋಗಿ ಇದ್ದ ತಾಳವೂ ಕೆಡುತ್ತದೆ. ಹಾಡಿ ರೆಕಾರ್ಡ್ ಮಾಡಿ ಕಳಿಸಿ, ಅವರು ಕೇಳಿ ತಿದ್ದಲಿ. ಮನೆಯಲ್ಲಿ ಬೇರೆ ಯಾರಾದರೂ ತಾಳ ಹಾಕಲಿ. ಅವರಿಗೆ ಸಂಗೀತ ಬರದಿದ್ದರೆ ಇನ್ನೂ ಒಳ್ಳೆಯದು, ನಿಮ್ಮನ್ನು ನೋಡಿ ಸರಿಹೊಂದಿಸಿಕೊಳ್ಳುವುದಿಲ್ಲ.

ಕಷ್ಟದ ಬಗ್ಗೆ ಒಂದು ಮಾತು. ತ್ಯಾಗರಾಜರ ಪಂಚರತ್ನ ಕೃತಿಗಳು ಅಂದರೆ ಎಲ್ಲರೂ ಹೆದರುತ್ತಾರೆ, ಆದರೆ ಐದೂ ಆದಿತಾಳ. ಅಲ್ಲಿ ನೆನಪಿನ ಕಷ್ಟ. ಚರಣದ ಮೇಲೆ ಚರಣ, ಪ್ರತಿಯೊಂದಕ್ಕೂ ಮೊದಲು ಸ್ವರ, ಆಮೇಲೆ ಸಾಹಿತ್ಯ. ನಾಟ ರಾಗದ್ದು ಸಂಸ್ಕೃತ, ಉಳಿದ ನಾಲ್ಕು ತೆಲುಗು. ಅಟತಾಳ ಉದ್ದ, ಆದರೆ ಮೋಸ ಮಾಡುವುದಿಲ್ಲ. ನನ್ನ ಬೆವರಿಳಿಸಿದ್ದು ಶ್ಯಾಮಾಶಾಸ್ತ್ರಿಗಳ ವಿಲೋಮ ಚಾಪು ತಾಳ. ಮಾಮೂಲಿ ಮಿಶ್ರಚಾಪಿನ ಏಳು ಎಣಿಕೆ ಮೂರು, ನಾಲ್ಕು. ಇದು ನಾಲ್ಕು, ಮೂರು. ಒಂದು ಕ್ಷಣ ಮೈಮರೆತರೆ ಕೈ ತಾನಾಗಿ ತಿರುಗಿಬಿಡುತ್ತದೆ, ಹಾಡುವವರು ತಿರುಗಿ ನೋಡುತ್ತಾರೆ.

ಮೂರ್ನಾಡಿನಿಂದ:
ನನಗೆ ವರ್ಣ ಗಿರ್ಣ ಗೊತ್ತಿಲ್ಲಮ್ಮಾ. ನಮ್ಮ ಕೊಡವರ ಜನಪದ ಹಾಡು ಬಾಳೊಪಾಟ್‌ನಲ್ಲಿ ನಾಲ್ಕು ಜನ ದುಡಿ (ಸಣ್ಣ ಚರ್ಮವಾದ್ಯ) ಬಾರಿಸುತ್ತಲೇ ಹಾಡುತ್ತೇವೆ. ನಾನು ಕಲಿಯುವಾಗ ದೊಡ್ಡವರು ಒಂದು ವರ್ಷ ಬಾಯಿ ತೆರೆಯಲು ಬಿಡಲಿಲ್ಲ. ದುಡಿ ಬಾರಿಸು, ಅಷ್ಟೇ. ಸಿಟ್ಟು ಬರುತ್ತಿತ್ತು. ಆಮೇಲೆ ಹಾಡಲು ಹೇಳಿದಾಗ ಕೈಯ ಬಗ್ಗೆ ಯೋಚನೆಯೇ ಬರಲಿಲ್ಲ.

ಸೋಮವಾರಪೇಟೆಯಿಂದ:
ವಿರಾಜಪೇಟೆಯವರ ಒಂದು ಮಾತು ನಾನು ಒಪ್ಪುವುದಿಲ್ಲ. ರಾಗ ಬಿಟ್ಟು ಸ್ವರ ಹೇಳಿ ಹೇಳಿ ನನ್ನ ಗಮಕವೆಲ್ಲ, ಅಂದರೆ ಸ್ವರದ ಓಲಾಟವೆಲ್ಲ, ಒಣಗಿಹೋಯಿತು. ಪರೀಕ್ಷಕರು ‘ಲೆಕ್ಕ ಸರಿ ಇದೆ, ಭೈರವಿ ಎಲ್ಲಿ?’ ಅಂದರು. ಎರಡು ಮೂರು ದಿನಕ್ಕಿಂತ ಜಾಸ್ತಿ ಬೇಡ. ಪುಸ್ತಕ ಮುಂದಿಟ್ಟುಕೊಂಡು ಹಾಡುವುದಂತೂ ಬೇಡವೇ ಬೇಡ.

ಮಡಿಕೇರಿಯಿಂದ, ಪ್ರಶ್ನೆ ಕೇಳಿದವರು, ಮೂರು ವಾರದ ನಂತರ:
ಕೈ ವಿಡಿಯೋ ಮಾಡಿ ನೋಡಿದೆ. ನನ್ನ ತೋರುಬೆರಳು ಸರಿಯಾಗಿದೆ. ತಪ್ಪು ದ್ರುತದಲ್ಲಿ. ಎರಡು ಹಾಕುವ ಕಡೆ ಒಂದೇ ಹಾಕಿ ಸಮಕ್ಕೆ, ಅಂದರೆ ತಾಳದ ಮೊದಲ ಪೆಟ್ಟಿಗೆ, ಓಡುತ್ತಿದ್ದೆ. ಅದೂ ಒಂದೇ ಒಂದು ಸ್ವರದಲ್ಲಿ, ಅಲ್ಲಿ ಉಸಿರು ಸಾಲುತ್ತಿರಲಿಲ್ಲ. ಉಸಿರು ತೆಗೆದುಕೊಳ್ಳುವ ಜಾಗವನ್ನು ಗುರುಗಳು ಬದಲಾಯಿಸಿ ಕೊಟ್ಟಿದ್ದಾರೆ. ತಾಳಕ್ಕೆ ಯಜಮಾನರನ್ನು ಕೂರಿಸಿದ್ದೇನೆ. ಅವರ ಬೆರಳು ಈಗ ಟಿವಿ ನೋಡುವಾಗಲೂ ಐದು ಎಣಿಸುತ್ತಿರುತ್ತದೆ. ಮೊದಲ ಕಾಲ ನಿಂತಿದೆ. ಎರಡನೇ ಕಾಲ ಇನ್ನೂ ಮುಟ್ಟಿಲ್ಲ.