ವಿಷದ ನೀರಲ್ಲೂ ಜೊಂಡು ಇಷ್ಟು ಹಸಿರಾಗಿರೋದು ಹೇಗೆ?

ಬಿಡದಿ ಹೈದ:
ನಮ್ಮೂರು ಬೈರಮಂಗಲ ಕೆರೆ ಹತ್ರ. ವೃಷಭಾವತಿ ನದಿ ನೀರು ಬಂದು ಸೇರೋದೇ ಇಲ್ಲಿಗೆ, ಬೆಂಗಳೂರಿನ ಚರಂಡಿ ನೀರು ಫ್ಯಾಕ್ಟರಿ ನೀರು ಎಲ್ಲಾ ಒಟ್ಟಿಗೆ, ನೊರೆ ವಾಸನೆ ಬೇರೆ. ಕ್ರೋಮಿಯಂ, ಸೀಸ ಎಲ್ಲಾ ಇದೆ ಅಂತಾರೆ, ಆದ್ರೆ ಅಂಚಲ್ಲಿರೋ ಜೊಂಡು ನೋಡಿದ್ರೆ ಆಳೆತ್ತರ, ಕಡು ಹಸಿರು. ಗಿಡಕ್ಕೆ ಏನೂ ಆಗಲ್ವಾ, ಇಲ್ಲಾ ಈ ಮೆಟಲ್ ಕಥೆನೇ ಬುರುಡೆನಾ?

ಬಾಟನಿ ಮೇಷ್ಟ್ರು:
ಹಸಿರು ನೋಡಿ ಮೋಸ ಹೋಗ್ಬೇಡಿ. ಚರಂಡಿ ನೀರಲ್ಲಿ ಸಾರಜನಕ, ರಂಜಕ ದಂಡಿಯಾಗಿರುತ್ತೆ, ಗಿಡಕ್ಕೆ ಪುಕ್ಕಟೆ ಗೊಬ್ಬರ.
ಇನ್ನು ಮೆಟಲ್ ವಿಷಯ. ಜೊಂಡಿನ ಎಲೆಯಿಂದ ಬೇರಿನ ತನಕ ಗಾಳಿ ಓಡಾಡೋ ಟೊಳ್ಳು ಇರುತ್ತೆ, ಆ ದಾರೀಲಿ ಇಳಿದ ಆಕ್ಸಿಜನ್ ಬೇರಿಂದ ಕೆಸರಿಗೆ ಸೋರುತ್ತೆ, ಕೆಸರಲ್ಲಿ ಕರಗಿರೋ ಕಬ್ಬಿಣ ತುಕ್ಕಾಗಿ ಬೇರಿನ ಮೇಲೇ ಕೂರುತ್ತೆ. ಒಂದು ಗಿಡ ಕಿತ್ತು ನೋಡಿ (ಗ್ಲೌಸ್ ಹಾಕ್ಕೊಂಡು!), ಕೆಂಪು-ಕಂದು ಪದರ ಕಾಣಬಹುದು. ಆರ್ಸೆನಿಕ್, ಸೀಸ ಒಂದಷ್ಟು ಅದಕ್ಕೇ ಅಂಟ್ಕೊಳ್ಳುತ್ತೆ. ಅದನ್ನೂ ದಾಟಿ ಒಳಗೆ ಹೋಗಿದ್ರಲ್ಲೂ ಹೆಚ್ಚಿನ ಪಾಲು ಬೇರಲ್ಲೇ ನಿಲ್ಲುತ್ತೆ, ಎಲೆಗೆ ಬರೋದು ಕಮ್ಮಿ. ಕ್ಯಾಡ್ಮಿಯಂ ಆದ್ರೆ ಗಿಡ ತನ್ನ ಜೀವಕೋಶದಲ್ಲೇ ಇರೋ ಗ್ಲುಟಾಥಯೋನ್ ಅನ್ನೋ ಸಣ್ಣ ಅಣು ಇಟ್ಕೊಂಡು ಫೈಟೋಕೆಲಾಟಿನ್ ಅನ್ನೋ ಸಣ್ಣ ಪೆಪ್ಟೈಡ್ (ಪ್ರೋಟೀನ್ ತುಣುಕಿನಂಥದ್ದು) ಮಾಡಿ, ಅದರಲ್ಲಿ ಮೆಟಲ್ ಹಿಡಿದು ಜೀವಕೋಶದಲ್ಲಿರೋ ಚೀಲದಂಥ ವ್ಯಾಕ್ಯೂಲ್ ಒಳಗೆ ಕೂಡಿಹಾಕುತ್ತೆ. ಇದೆಲ್ಲಾ ಸಾಕಾಗದೇ ಹೋದಾಗ ಎಲೆ ಹಳದಿ ಆಗೋದು, ಬೇರು ಮೊಟಕಾಗೋದು ಶುರು.

ಕೆರೆ ಕಾಯೋನು:
ಹಂಗಾದ್ರೆ ಜೊಂಡು ಕೊಯ್ದು ಹಾಕ್ತಾ ಇದ್ರೆ ಕೆರೆ ಕ್ಲೀನ್ ಆಗ್ಬೇಕಲ್ವಾ?

ಬಾಟನಿ ಮೇಷ್ಟ್ರು:
ಮೇಲ್ಮೇಲೆ ಕೊಯ್ದ್ರೆ ಎಲೆ ಬರುತ್ತೆ, ಮೆಟಲ್ ಬೇರಲ್ಲೇ ಇರುತ್ತಲ್ಲ ಸಾರ್. ತೇಲೋ ವಾಟರ್ ಹಯಸಿಂತ್ ಆದ್ರೆ ಬೇರು ಸಮೇತ ಎಳೀಬಹುದು, ಆದ್ರೆ ನಮ್ಮಲ್ಲಿ ಮಾಡೋದೇನು, ಎಳೆದು ದಡದಲ್ಲೇ ರಾಶಿ ಹಾಕಿ ಹೋಗ್ತಾರೆ, ಅದು ಕೊಳೆತು ಮಳೆ ಬಂದ್ರೆ ಎಲ್ಲಾ ವಾಪಸ್ ಕೆರೆಗೇ. ಅದರ ಕಾಂಪೋಸ್ಟನ್ನ ತರಕಾರಿಗಂತೂ ಹಾಕ್ಲೇಬೇಡಿ.

ಸವಿತಕ್ಕ:
ಕೆರೆ ಅಂಗಳದಲ್ಲಿ ಹೊನಗೊನ್ನೆ ಸೊಪ್ಪು ತುಂಬಾ ಬೆಳೆದಿರುತ್ತೆ, ನಮ್ಮ ಕಡೆ ಜನ ಕಿತ್ಕೊಂಡು ಹೋಗ್ತಾರೆ. ಚೆನ್ನಾಗಿ ತೊಳೆದ್ರೆ ಪರವಾಗಿಲ್ವಾ?

ಬಾಟನಿ ಮೇಷ್ಟ್ರು:
ಬೇಡಕ್ಕ. ಸೊಪ್ಪಿನ ಗಿಡಗಳು ಕ್ಯಾಡ್ಮಿಯಂನ ಎಲೆಗೇ ಸಾಗಿಸೋದು ಜಾಸ್ತಿ. ತೊಳೆದ್ರೆ ಹೋಗೋದು ಮೇಲಿನ ಮಣ್ಣು, ಎಲೆ ಒಳಗಿರೋದಲ್ಲ. ಬೇಯಿಸಿದ್ರೆ ಸಾಯೋಕೆ ಅದೇನು ಕ್ರಿಮಿನೂ ಅಲ್ಲ.

ಬಿಡದಿ ಹೈದ:
ಥ್ಯಾಂಕ್ಸ್ ಮೇಷ್ಟ್ರೇ. ಟೆಸ್ಟ್ ಮಾಡಿಸೋದಾದ್ರೆ ನೀರು ತಗೊಂಡು ಹೋದ್ರೆ ಸಾಕಾ?

ಬಾಟನಿ ಮೇಷ್ಟ್ರು:
ಸಾಲದು. ಮೆಟಲ್ ಬಹಳಷ್ಟು ಕೆಸರಲ್ಲೇ ಕೂತಿರುತ್ತೆ, ನೀರಲ್ಲಿ ಕಮ್ಮಿ ತೋರಿಸ್ಬಹುದು. ನೀರು, ಕೆಸರು, ಬೇರು, ಎಲೆ ನಾಲ್ಕನ್ನೂ ಬೇರೆ ಬೇರೆ ಕವರ್‌, ಬಾಟಲ್‌ನಲ್ಲಿ ಕೊಡಿ.